ಮನೆಯಲ್ಲೇ ಹಳೇ ಅಂಬಾಸಿಡರ್ ಸರಿಮಾಡುವುದು ಹೇಗೆ: ತಗಡು, ಎಂಜಿನ್, ಸಸ್ಪೆನ್ಷನ್

ಹಳೇ ಕಾರು ಸರಿಮಾಡಲು ಹೊರಟವರೆಲ್ಲ ಮೊದಲು ಬಣ್ಣದ ಮಾತು ಎತ್ತುತ್ತಾರೆ. ಯಾವ ಬಣ್ಣ ಹೊಡೆಸೋಣ, ಎಷ್ಟು ಖರ್ಚು ಬರುತ್ತೆ ಅಂತ. ನಾನೂ ಹಾಗೇ ಶುರು ಮಾಡಿದ್ದೆ. ಈಗ ಯಾರಾದರೂ ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಬಣ್ಣ ಕೊನೆಗೆ. ಮೊದಲು ಅಡಿಯ ತಗಡು, ಆಮೇಲೆ ಬ್ರೇಕು ಮತ್ತು ಸಸ್ಪೆನ್ಷನ್, ಅದರ ಜೊತೆಜೊತೆಗೇ ಎಂಜಿನ್. ಕಣ್ಣಿಗೆ ಕಾಣದ ಜಾಗ ಗಟ್ಟಿಯಾದ ಮೇಲೆ ಕಾಣುವ ಜಾಗಕ್ಕೆ ಕೈಹಾಕಿ.

ನನ್ನ ಕೈಗೆ ಬಂದದ್ದು ದೊಡ್ಡಪ್ಪನ 1974ರ ಮಾರ್ಕ್-2 ಅಂಬಾಸಿಡರ್. ದಾವಣಗೆರೆಯ ಹತ್ತಿ ಗಿರಣಿಗಳು ಇನ್ನೂ ಓಡುತ್ತಿದ್ದ ಕಾಲದಲ್ಲಿ ವ್ಯಾಪಾರಕ್ಕೆ ಅಂತ ಊರೂರು ಸುತ್ತಿದ ಗಾಡಿ. ಹದಿನಾಲ್ಕು ವರ್ಷ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಅದನ್ನು ಮತ್ತೆ ರಸ್ತೆಗೆ ತರಲು ನನಗೆ ಎರಡೂವರೆ ವರ್ಷ ಹಿಡಿಯಿತು. ಭಾನುವಾರ ಮತ್ತು ರಜೆ ದಿನಗಳಲ್ಲಿ ಮಾತ್ರ ಕೆಲಸ ಮಾಡುವವರಿಗೆ ಅಷ್ಟು ಸಮಯ ಬೇಕೇಬೇಕು. ಇಲ್ಲಿ ಹೇಳುವುದು ಅಂಬಾಸಿಡರ್ ಲೆಕ್ಕದಲ್ಲಿ. ಪದ್ಮಿನಿ ಅಥವಾ ಬೇರೆ ಹಳೇ ಗಾಡಿ ಇದ್ದರೂ ಕೆಲಸದ ಕ್ರಮ ಇದೇ.

ಗಾಡಿ ಬಿಚ್ಚುವ ಮೊದಲು ಕಾಗದ ಬಿಚ್ಚಿ

ಆರ್‌ಸಿ ಪುಸ್ತಕ ತೆಗೆದು ಚಾಸಿಸ್ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿರುವುದಕ್ಕೆ ಹೊಂದುತ್ತಾ ನೋಡಿ. ಹಳೇ ಅಂಬಾಸಿಡರ್‌ಗಳಲ್ಲಿ ಎಂಜಿನ್ ಬದಲಾಗಿರುವುದು ಜಾಸ್ತಿ. ಪೆಟ್ರೋಲ್ ತೆಗೆದು ಡೀಸೆಲ್ ಕೂರಿಸಿದ ಗಾಡಿಗಳು ಎಷ್ಟೋ ಇವೆ. ಅದು ಆರ್‌ಸಿಯಲ್ಲಿ ಏರದೇ ಇದ್ದರೆ ಮುಂದೆ ತೊಂದರೆ. ಬಣ್ಣ ಬದಲಿಸಿದರೂ ಆರ್‌ಟಿಒದಲ್ಲಿ ಬರೆಸಬೇಕು. ನಮ್ಮ ದಾವಣಗೆರೆಯ ಕೆಎ-17 ಆಗಲಿ, ಚಿತ್ರದುರ್ಗದ ಕೆಎ-16 ಆಗಲಿ, ನಿಯಮ ಒಂದೇ.

ಸ್ವಂತ ಬಳಕೆಯ ಗಾಡಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. 50 ವರ್ಷ ದಾಟಿದ್ದರೆ ಇನ್ನೊಂದು ದಾರಿ ಇದೆ. 2021ರಲ್ಲಿ ಬಂದ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಮತ್ತು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಮೇಳ, ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ನಾನು ಮನೆಯವರನ್ನು ಕೂರಿಸಿಕೊಂಡು ಓಡಾಡುವ ಆಸೆಯಿಂದ ಮಾಮೂಲಿ ಆರ್‌ಸಿಯನ್ನೇ ಉಳಿಸಿಕೊಂಡೆ.

ಸ್ಕ್ರೂಡ್ರೈವರ್ ಹಿಡಿದು ಅಡಿಗೆ ಮಲಗಿ

ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಅಡಿಯ ತಗಡು, ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಪಟ್ಟಿ (ಸಿಲ್ ಅಂತಾರೆ), ಮುಂದಿನ ಸೀಟಿನ ಕೆಳಗಿನ ಅಡ್ಡಪಟ್ಟಿ, ಇವೇ ಗಾಡಿಯ ಬೆನ್ನುಮೂಳೆ. ಇವು ತುಕ್ಕು ತಿಂದರೆ ಹೊರಗೆ ಎಷ್ಟು ಹೊಳಪು ಬರಿಸಿದರೂ ಗಾಡಿ ನಡುವಲ್ಲಿ ಕುಸಿಯುತ್ತೆ.

ಮ್ಯಾಟ್, ಸೀಟು ಎಲ್ಲ ತೆಗೆಯಿರಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜಾಕನ್ನು ನಂಬಿ ಗಾಡಿ ಅಡಿಗೆ ಹೋಗಬೇಡಿ. ಇಟ್ಟಿಗೆಯನ್ನೂ ನಂಬಬೇಡಿ, ಅದು ಸದ್ದಿಲ್ಲದೆ ಸೀಳುತ್ತೆ. ಆಮೇಲೆ ಹಳೇ ಸ್ಕ್ರೂಡ್ರೈವರ್ ಒಂದನ್ನು ಹಿಡಿದು ಅಡಿಯನ್ನೆಲ್ಲ ಒತ್ತುತ್ತಾ ಹೋಗಿ. ಒಳ್ಳೆ ತಗಡು ಟಣ್ ಅನ್ನುತ್ತೆ. ತುಕ್ಕು ತಿಂದದ್ದು ಸದ್ದೇ ಕೊಡದೆ ಒಳಗೆ ಹೋಗುತ್ತೆ.

ನನ್ನ ಗಾಡಿಯಲ್ಲಿ ಡ್ರೈವರ್ ಬಾಗಿಲ ಕೆಳಗಿನ ಸಿಲ್ ಹೊರಗಿನಿಂದ ನುಣ್ಣಗೆ, ಚೆಂದವಾಗಿತ್ತು. ಅಯಸ್ಕಾಂತ ಹಿಡಿದರೆ ಅಂಟಲಿಲ್ಲ. ಟಿಂಕರಿಂಗ್ ಮಾಡುವ ಹಿರಿಯರೊಬ್ಬರು ಬಂದು ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟರು. ಒಂದು ಅಂಗೈಯಗಲದ ಪುಟ್ಟಿ ಚಕ್ಕೆ ಕಳಚಿ ಬಿತ್ತು. ಅದರ ಹಿಂದೆ ಮಡಚಿ ತುರುಕಿದ ಗೋಣಿಚೀಲ. “ನೋಡು ತಮ್ಮಾ, ಇಷ್ಟು ವರ್ಷ ಈ ಗೋಣಿಚೀಲ ನಿಮ್ಮ ದೊಡ್ಡಪ್ಪನ್ನ ಹೊತ್ಕೊಂಡು ತಿರುಗಿದೆ” ಅಂದರು. ಹಿಂದೆ ಯಾವಾಗಲೋ ಯಾರೋ ಮಾಡಿದ್ದ ಕೆಲಸ. ನನಗೆ ಆಗ ಆದ ಸಂಕಟ ಅಷ್ಟಿಷ್ಟಲ್ಲ. ಅದಕ್ಕೇ ಹೇಳುವುದು, ಚಿಕ್ಕ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಗಾಡಿಯ ಮೈಮೇಲೆಲ್ಲ ಓಡಿಸಿ. ಹಿಡಿಯದ ಜಾಗಕ್ಕೆಲ್ಲ ಬಳಪದಿಂದ ಗುರುತು ಹಾಕಿ.

ಮುಖ್ಯವಾಗಿ ನೋಡಬೇಕಾದ್ದು ಇವು: ಸಿಲ್‌ಗಳು, ಕಾಲಿಡುವ ಜಾಗದ ತಗಡು, ಹಿಂದಿನ ಬ್ಲೇಡ್ ಸೆಟ್ (ಭಾರ ಹೊರುವ ಕಮಾನು ಪಟ್ಟಿಗಳು) ಸಿಕ್ಕಿಸಿರುವ ಜಾಗ, ಡಿಕ್ಕಿಯ ತಳ, ಬಾಗಿಲುಗಳ ಕೆಳ ಅಂಚು, ಬ್ಯಾಟರಿ ಕೂರುವ ತಟ್ಟೆ, ಮಡ್‌ಗಾರ್ಡಿನ ಒಳಮೈ. ಮುಂದಿನ ಟಾರ್ಷನ್ ಬಾರಿನ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಹಿಂತುದಿ ಸೀಟಿನ ಕೆಳಗಿನ ಅಡ್ಡಪಟ್ಟಿಗೆ ಬಂದು ಸೇರುತ್ತೆ. ಆ ಪಟ್ಟಿ ಹೋಗಿದ್ದರೆ ಸಸ್ಪೆನ್ಷನ್ ಕೆಲಸ ಮಾಡಿಯೂ ಪ್ರಯೋಜನವಿಲ್ಲ. ಅದು, ಎರಡು ಸಿಲ್, ಬ್ಲೇಡ್ ಸೆಟ್ಟಿನ ಜಾಗ, ಎಲ್ಲವೂ ಒಟ್ಟಿಗೆ ಪುಡಿಯಾಗಿದ್ದರೆ ಆ ಗಾಡಿಗೆ ಕೈಹಾಕಬೇಡಿ. ಬೇರೆ ಬಾಡಿ ಹುಡುಕುವುದೇ ಮೇಲು.

ಬಿಚ್ಚುವುದು

ಬಿಚ್ಚುವುದು ಸುಲಭ, ವಾಪಸ್ ಜೋಡಿಸುವಾಗ ಗೊತ್ತಾಗುತ್ತೆ ಕಷ್ಟ. ಪ್ರತಿ ಭಾಗ ತೆಗೆಯುವ ಮೊದಲು ಮೂರು ಫೋಟೊ ತೆಗೆಯಿರಿ: ದೂರದಿಂದ, ಹತ್ತಿರದಿಂದ, ಪಕ್ಕದಿಂದ. ಬೋಲ್ಟುಗಳನ್ನು ಜಿಪ್ ಕವರಿಗೆ ಹಾಕಿ, ಒಳಗೆ ಚೀಟಿ ಬರೆದಿಡಿ. ಕವರಿನ ಮೇಲೆ ಮಾರ್ಕರ್‌ನಿಂದ ಬರೆದದ್ದು ಗ್ರೀಸ್ ತಾಗಿ ಅಳಿಸಿಹೋಗುತ್ತೆ, ಅದಕ್ಕೇ ಒಳಗೆ ಚೀಟಿ. ಹಳೇ ಪ್ಯಾಕಿಂಗು, ಮುರಿದ ಕ್ಲಿಪ್ಪು, ಹರಿದ ರಬ್ಬರ್ ಬೀಡಿಂಗ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಬಿಡಿಭಾಗ ಕೇಳುವಾಗ ಕೈಯಲ್ಲಿ ಹಳೇ ತುಂಡು ಇದ್ದರೆ ಅರ್ಧ ಕೆಲಸ ಆದಂತೆ.

ಬ್ಯಾಟರಿ ಬಿಚ್ಚುವಾಗ ಒಂದು ಕ್ಷಣ ನಿಲ್ಲಿ. ಬ್ರಿಟಿಷ್ ಮೂಲದ ಹಳೇ ಗಾಡಿಗಳಲ್ಲಿ ಪಾಸಿಟಿವ್ ವೈರನ್ನು ಬಾಡಿಗೆ ಕೊಟ್ಟಿರುವುದುಂಟು. ಯಾವ ವೈರು ಬಾಡಿಗೆ ಹೋಗಿದೆ ಅಂತ ಬರೆದಿಟ್ಟುಕೊಳ್ಳಿ. ಪೆಟ್ರೋಲ್ ಟ್ಯಾಂಕ್ ಮೊದಲೇ ಇಳಿಸಿ ಮನೆಯಿಂದ ದೂರ ಇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ತುಂಬಿರುತ್ತೆ. ಅದರ ತೂತು ಮುಚ್ಚಲು ಮನೆಯಲ್ಲಿ ವೆಲ್ಡಿಂಗ್ ಮಾಡಲೇಬೇಡಿ. ರೇಡಿಯೇಟರ್, ಟ್ಯಾಂಕ್ ಕೆಲಸದವರಿಗೇ ಕೊಡಿ.

ತಗಡಿನ ಕೆಲಸ

ಇದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಅವಸರ ಮಾಡಿದರೆ ಕೆಡುವುದೂ ಇಲ್ಲೇ.

ಮೊದಲ ನಿಯಮ: ಎರಡೂ ಸಿಲ್ ಒಟ್ಟಿಗೆ ಕತ್ತರಿಸಬಾರದು. ಒಂದು ಕಡೆ ಮುಗಿಸಿ ಇನ್ನೊಂದು ಕಡೆ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಆಂಗಲ್ ವೆಲ್ಡ್ ಮಾಡಿ ಬಿಗಿಯಿರಿ. ಇಲ್ಲದಿದ್ದರೆ ಬಾಡಿ ಕೂದಲೆಳೆಯಷ್ಟು ಬಾಗುತ್ತೆ. ಆಮೇಲೆ ಬಾಗಿಲು ಯಾವತ್ತೂ ಸರಿಯಾಗಿ ಮುಚ್ಚಲ್ಲ. ಬಾಗಿಲು ಹಾಕಿ ಸುತ್ತ ಬಿಟ್ಟಿರುವ ಸಂದು ಎಷ್ಟಿದೆ ಅಂತ ಕೆಲಸದ ಮೊದಲು ಅಳೆದು ಗೋಡೆಯ ಮೇಲೆ ಬರೆಯಿರಿ. ಪ್ರತಿ ಹಂತದಲ್ಲೂ ಬಾಗಿಲು ಮತ್ತೆ ಸಿಕ್ಕಿಸಿ ಅಳೆಯಿರಿ. ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ.

ತುಕ್ಕು ತಿಂದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ. ಅಂಚಲ್ಲಿ ಸ್ವಲ್ಪ ತೆಳುವಾದ್ದನ್ನು ಉಳಿಸಿದರೆ ವೆಲ್ಡಿಂಗ್ ತಾಗಿದ ಕೂಡಲೇ ತೂತು ಬೀಳುತ್ತೆ. ರಟ್ಟಿನಲ್ಲಿ ಮೊದಲು ಅಚ್ಚು ಕತ್ತರಿಸಿಕೊಳ್ಳಿ. ಅದನ್ನು ಸಿಆರ್‌ಸಿ (ಕೋಲ್ಡ್ ರೋಲ್ಡ್) ತಗಡಿನ ಮೇಲಿಟ್ಟು ಗೆರೆ ಎಳೆಯಿರಿ. ಹೊರ ತಗಡಿಗೆ 20 ಗೇಜ್, ಸಿಲ್ ಮತ್ತು ಅಡಿ ಪಟ್ಟಿಗೆ 18 ಗೇಜ್ ತಂದೆ ನಾನು.

ವೆಲ್ಡಿಂಗ್‌ಗೆ ಸಿಒಟು ಮೆಷಿನ್ (ಗ್ಯಾಸ್ ಬಿಡುತ್ತಾ ತಂತಿಯಿಂದ ಬೆಸೆಯುವಂಥದ್ದು) ಬಾಡಿಗೆಗೆ ಸಿಕ್ಕರೆ ಒಳ್ಳೇದು. ಕಡ್ಡಿ ಹಾಕುವ ಆರ್ಕ್ ವೆಲ್ಡಿಂಗ್ ಇಷ್ಟು ತೆಳು ತಗಡಿಗೆ ಆಗಲ್ಲ. ಉದ್ದಕ್ಕೆ ಒಂದೇ ಗೆರೆ ಎಳೆಯಬೇಡಿ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಮತ್ತೆ ಇಲ್ಲಿ, ಹೀಗೆ ದೂರ ದೂರ ಹಾಕುತ್ತಾ ಬನ್ನಿ. ಕೈ ಇಟ್ಟರೆ ಸುಡದಷ್ಟು ತಣ್ಣಗಾದ ಮೇಲೆ ಮುಂದಿನ ಚುಕ್ಕೆ. ಬಿಸಿ ಒಂದೇ ಕಡೆ ಸೇರಿದರೆ ತಗಡು ಹಪ್ಪಳದ ಹಾಗೆ ಉಬ್ಬುತ್ತೆ. ಕೈ ಪಳಗುವವರೆಗೆ ಗುಜರಿ ತಗಡಿನ ಮೇಲೆ ಹಾಕಿ ಕಲಿಯಿರಿ. ಬೆನ್ನುಮೂಳೆಯಂಥ ಜಾಗಗಳನ್ನು ಮಾತ್ರ ನಾನು ಆ ಹಿರಿಯರಿಂದಲೇ ಮಾಡಿಸಿದೆ. ಮನೆಯಲ್ಲೇ ಮಾಡುವುದು ಅಂದರೆ ಎಲ್ಲವನ್ನೂ ನಾವೇ ಮಾಡಬೇಕು ಅಂತಲ್ಲ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒದ್ದೆ ಗೋಣಿಚೀಲ ಇರಲಿ. ವೆಲ್ಡಿಂಗ್ ಮುಗಿದ ಮೇಲೆ ಒಂದು ಗಂಟೆ ಗಾಡಿ ಬಿಟ್ಟು ಹೋಗಬೇಡಿ. ಒಳಗೆ ಉಳಿದ ಹತ್ತಿ, ನಾರು ಸುಮ್ನೆ ಹೊಗೆಯಾಡುತ್ತಾ ಇದ್ದು ಆಮೇಲೆ ಹೊತ್ತಿಕೊಳ್ಳುತ್ತೆ.

ಬೆಸುಗೆ ಉಜ್ಜಿ, ಉಳಿದ ಸಣ್ಣ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಬಳಿದು, ತೊಳೆದು ಒಣಗಿಸಿ ಅದೇ ದಿನ ಪ್ರೈಮರ್ ಹೊಡೆಯಿರಿ. ಜೋಡಣೆಯ ಸಂದುಗಳಿಗೆ ಸೀಲರ್ ತುಂಬಿ. ಸಿಲ್ ಒಳಗೆ ಗಾಡಿಯ ಮೇಣ ಅಥವಾ ಗಟ್ಟಿ ಎಣ್ಣೆ ಸಿಂಪಡಿಸಿ. ನೀರು ಹೊರಹೋಗಲು ಕಂಪನಿಯವರು ಬಿಟ್ಟಿರುವ ತೂತುಗಳನ್ನು ಮುಚ್ಚಬೇಡಿ. ಎಷ್ಟೋ ಗಾಡಿಗಳ ಬಾಗಿಲು ಕೊಳೆಯುವುದು ಈ ತೂತು ಕಟ್ಟಿಕೊಂಡಿದ್ದರಿಂದಲೇ.

ನೆಗ್ಗಿದ ಜಾಗವನ್ನು ಹಿಂದಿನಿಂದ ಡಾಲಿ (ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಮುಂದಿನಿಂದ ಹಗುರ ಸುತ್ತಿಗೆಯಲ್ಲಿ ಎಬ್ಬಿಸಿ. ಪುಟ್ಟಿ ಕೆಟ್ಟದ್ದೇನಲ್ಲ. ಎರಡು ಮಿಲಿಮೀಟರ್ ಒಳಗಿದ್ದರೆ ಅದು ತನ್ನ ಕೆಲಸ ಮಾಡುತ್ತೆ. ದಪ್ಪ ಬಳಿದರೆ ನಮ್ಮ ಬಿಸಿಲಿಗೆ ಬಿರಿಯುತ್ತೆ. ಉಜ್ಜಲು ಮೊದಲು 80, ಆಮೇಲೆ 180, ಪ್ರೈಮರ್ ಮೇಲೆ 320, ಕೊನೆಗೆ ನೀರು ಹಾಕಿ 600 ನಂಬರ್ ಎಮರಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜುವಾಗ ಮಾಸ್ಕ್ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಎಂಜಿನ್

ಮಾರ್ಕ್-2ರಲ್ಲಿ ಇರುವುದು 1489 ಸಿಸಿ ಪೆಟ್ರೋಲ್ ಎಂಜಿನ್. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ವಿನ್ಯಾಸ. ಬ್ಲಾಕ್, ಹೆಡ್ ಎರಡೂ ಬೀಡು ಕಬ್ಬಿಣ. ತೂಕ ಜಾಸ್ತಿ, ಆದರೆ ಸರಳ. ಮನೆಯಲ್ಲಿ ಕಲಿಯಲು ಇದಕ್ಕಿಂತ ಒಳ್ಳೇ ಎಂಜಿನ್ ಇಲ್ಲ ಅಂತ ನನ್ನ ಅನಿಸಿಕೆ.

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಸೆಲ್ಫ್ ಹೊಡೆಯಬೇಡಿ. ಪ್ಲಗ್ಗು ನಾಲ್ಕೂ ಬಿಚ್ಚಿ. ಒಂದೊಂದು ತೂತಿಗೂ ಎರಡು ಚಮಚ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹಾಕಿ, ಎರಡು ದಿನ ಬಿಡಿ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಮೆಲ್ಲಗೆ ಅತ್ತಿತ್ತ ಆಡಿಸಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಇನ್ನೂ ನಾಲ್ಕು ದಿನ ನೆನೆಯಲಿ. ನನ್ನದು ಒಂಬತ್ತನೇ ದಿನ ಕದಲಿತು.

ತಿರುಗಿದ ಮೇಲೆ ಗೇಜ್ ಹಾಕಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ. ನಾಲ್ಕೂ ಸಿಲಿಂಡರ್ ಹತ್ತು ಪರ್ಸೆಂಟ್ ಅಂತರದಲ್ಲಿ ಇದ್ದರೆ ಸರಿ. ಒಂದು ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗು ಅಥವಾ ಬೋರ್ (ಸಿಲಿಂಡರಿನ ಒಳಮೈ) ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ತೊಂದರೆ. ಅಕ್ಕಪಕ್ಕದ ಎರಡು ಸಿಲಿಂಡರ್ ಎರಡೂ ಕಡಿಮೆ ಇದ್ದರೆ ಅವುಗಳ ನಡುವೆ ಹೆಡ್ ಪ್ಯಾಕಿಂಗ್ ಹೋಗಿರುವ ಸಾಧ್ಯತೆಯೇ ಜಾಸ್ತಿ.

ಹೆಡ್ ನಟ್ಟುಗಳನ್ನು ಎಂಜಿನ್ ತಣ್ಣಗಿರುವಾಗ, ಒಂದೊಂದನ್ನೇ ಸ್ವಲ್ಪ ಸ್ವಲ್ಪ ಸಡಿಲಿಸಿ. ಪುಷ್ ರಾಡ್‌ಗಳನ್ನು ರಟ್ಟಿನಲ್ಲಿ ಎಂಟು ತೂತು ಮಾಡಿ ಕ್ರಮವಾಗಿ ಚುಚ್ಚಿಡಿ. ಬೇರಿಂಗ್ ಕ್ಯಾಪುಗಳು ಒಂದಕ್ಕೊಂದು ಅದಲುಬದಲು ಆಗಲೇಬಾರದು. ಕ್ಯಾಪಿನ ಮೇಲೆ ನಂಬರ್ ಕಾಣದಿದ್ದರೆ ಪಂಚ್‌ನಿಂದ ಚುಕ್ಕೆ ಹೊಡೆಯಿರಿ: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು.

ಈಗ ಲೇತ್ ಅಂಗಡಿ. ನಮ್ಮ ಕಡೆ ಈ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದದ್ದರಿಂದ ಲೇತ್ ಹಿಡಿದು ಬೆಳೆದವರು ಇಲ್ಲಿ ತುಂಬಾ ಜನ. ಆ ಕಾರ್ಖಾನೆಯ ಹಳೇ ಲೇತುಗಳು ಈಗಲೂ ಅಲ್ಲಲ್ಲಿ ಓಡುತ್ತಿವೆ. ಆದರೂ ಒಂದು ಎಚ್ಚರ: ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಹೊಡೆಸಬೇಡಿ. ಮೂಲ ಬೋರ್ 73 ಮಿಲಿಮೀಟರ್ ಚಿಲ್ಲರೆ. ಓವರ್‌ಸೈಜ್ ಪಿಸ್ಟನ್ ಹತ್ತು ತೌ, ಇಪ್ಪತ್ತು ತೌ, ಮೂವತ್ತು, ನಲವತ್ತು ಅಂತ ಬರುತ್ತವೆ (ಒಂದು ತೌ ಅಂದರೆ ಇಂಚಿನ ಸಾವಿರದ ಒಂದು ಭಾಗ). ಒಂದು ಕಡೆ ನಾನು ಬ್ಲಾಕ್ ಬಿಟ್ಟು ಬಂದಿದ್ದೆ, ಪಿಸ್ಟನ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರು ಇಪ್ಪತ್ತು ತೌ ಹೊಡೆದು ಮುಗಿಸಿದ್ದರು. ಆ ಸೈಜಿನ ಸೆಟ್ ಎಲ್ಲೂ ಸಿಗಲಿಲ್ಲ. ಕೊನೆಗೆ ಮೂವತ್ತಕ್ಕೆ ಹೋಗಬೇಕಾಯಿತು. ಒಂದು ಸಲದ ಬೋರ್ ಆಯುಸ್ಸು ಹೀಗೇ ದಂಡವಾಯಿತು. ಪಿಸ್ಟನ್ ಕೊಡಿ, ಅದನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಿಸಿ. ಕ್ರ್ಯಾಂಕ್ ಗ್ರೈಂಡಿಂಗೂ ಹಾಗೇ: ಎಷ್ಟು ತೌ ಕಡಿಮೆ ಮಾಡಿದರೋ ಅಷ್ಟೇ ಸೈಜಿನ ಬೇರಿಂಗ್ ಶೆಲ್ ಬೇಕು.

ಬ್ಲಾಕ್ ವಾಪಸ್ ಬಂದ ಮೇಲೆ ನೀರು ಹರಿಯುವ ಜಾಗ ಸ್ವಚ್ಛ ಮಾಡಿ. ಇದನ್ನು ಯಾರೂ ಮಾಡಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಮನೆಯ ಪಾತ್ರೆ ತಳ ನೋಡಿದರೇ ಗೊತ್ತಾಗುತ್ತೆ ಅಲ್ವಾ? ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಹಾಕಿದ್ದಾರೆ. ಬದಿಯ ಡಮ್ಮಿಗಳನ್ನು (ನೀರಿನ ಜಾಗ ಮುಚ್ಚಿರುವ ತಗಡಿನ ಬಿರಡೆಗಳು) ತೆಗೆದು ಒಳಗೆ ಸೈಕಲ್ ಕಡ್ಡಿ ಬಗ್ಗಿಸಿ ಹಾಕಿದೆ. ನಾಲ್ಕನೇ ಸಿಲಿಂಡರಿನ ಹಿಂದೆ ಕಡ್ಡಿ ಮುಂದಕ್ಕೇ ಹೋಗಲಿಲ್ಲ. ಕೆರೆದರೆ ಕಂದು ಕೆಸರು, ಅದರಲ್ಲಿ ಮೊಟ್ಟೆ ಚಿಪ್ಪಿನಂಥ ಬಿಳಿ ಹಳಕುಗಳು. ಅರ್ಧ ಸೇರಿನಷ್ಟು ಬಂತು. ಆ ಮೂಲೆಗೆ ನೀರೇ ಮುಟ್ಟುತ್ತಿರಲಿಲ್ಲ. “ಗಾಡಿ ಘಾಟಿಯಲ್ಲಿ ಕಾಯುತ್ತೆ” ಅಂತ ದೊಡ್ಡಪ್ಪ ಯಾವಾಗಲೂ ಹೇಳುತ್ತಿದ್ದದ್ದು ಯಾಕೆ ಅಂತ ಅವತ್ತು ತಿಳಿಯಿತು. ಹೊಸ ಡಮ್ಮಿ ಹಾಕಿ, ಮುಂದೆ ಕೂಲೆಂಟ್ ಬಿಟ್ಟು ಬೇರೇನೂ ಹಾಕಬೇಡಿ.

ವಾಲ್ವುಗಳನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಮರದ ಕಡ್ಡಿಯ ರಬ್ಬರಿನಿಂದ ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಿ. ಸುತ್ತಲೂ ಒಡೆಯದ ಬೂದು ಉಂಗುರ ಕಂಡರೆ ಆಯಿತು. ಪೇಸ್ಟ್ ಪೂರ್ತಿ ತೊಳೆಯಿರಿ. ಹೆಡ್ಡಿನಲ್ಲಿ ಪೆಟ್ರೋಲ್ ತುಂಬಿ ಹತ್ತು ನಿಮಿಷ ಬಿಟ್ಟು ಸೋರುತ್ತಾ ನೋಡಿ. ಈ ಎಂಜಿನ್ ಸೀಸದ ಪೆಟ್ರೋಲ್ ಕಾಲದ್ದು. 2000ದಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ ಇದೆ. ಹೆಡ್ ಹೇಗೂ ಬಿಚ್ಚಿರುತ್ತೆ, ಎಕ್ಸಾಸ್ಟ್ ಕಡೆ ಗಟ್ಟಿ ಸೀಟುಗಳನ್ನು ಕೂರಿಸಿಬಿಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಬೇಗ ಮೆತ್ತಗಾಗುತ್ತವೆ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ತನ್ನಿ.

ಜೋಡಿಸುವಾಗ ಪ್ರತಿ ಬೇರಿಂಗಿಗೂ ಧಾರಾಳ ಆಯಿಲ್. ರಿಂಗನ್ನು ಬೋರಿನೊಳಗೆ ಇಟ್ಟು ಬಾಯಿ ಸಂದು ಫೀಲರ್ ಗೇಜ್‌ನಲ್ಲಿ ನೋಡಿ. ಈ ಬೋರಿಗೆ 8ರಿಂದ 12 ತೌ ಇರಲಿ. ಹೆಡ್ ನಟ್ಟು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್‌ಗೆ ಬಿಗಿಯಿರಿ. ಟಾರ್ಕ್ ರೆಂಚ್ ಕೊಳ್ಳಲು ಹಿಂಜರಿಯಬೇಡಿ. ಅಂದಾಜಿನಲ್ಲಿ ಬಿಗಿದ ಹೆಡ್ ಸೋರುತ್ತೆ.

ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸಲು ಹಳೇ ಮೇಸ್ತ್ರಿಗಳ ಒಂಬತ್ತರ ಲೆಕ್ಕ ಇದೆ. ವಾಲ್ವುಗಳಿಗೆ ಮುಂದಿನಿಂದ 1ರಿಂದ 8ರವರೆಗೆ ನಂಬರ್ ಕೊಡಿ. ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದನ್ನು ಹೊಂದಿಸಿ. ಆರು ತೆರೆದಾಗ ಮೂರು. ನಾಲ್ಕು ತೆರೆದಾಗ ಐದು. ಎರಡೂ ಕೂಡಿದರೆ ಯಾವಾಗಲೂ ಒಂಬತ್ತು. ಸಂದು ಸುಮಾರು 15 ತೌ. ಮ್ಯಾನ್ಯುಯಲ್‌ನಲ್ಲಿ ಬಿಸಿಯಲ್ಲೋ ತಣ್ಣಗಿರುವಾಗಲೋ ಅಂತ ನೋಡಿಕೊಳ್ಳಿ. ಪ್ಲಗ್ ವೈರಿನ ಕ್ರಮ 1-3-4-2. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು 15 ತೌ, ಪ್ಲಗ್ ಸಂದು 25 ತೌ. ಕಾರ್ಬ್ಯುರೇಟರ್ ಎಸ್‌ಯು ಕಂಪನಿಯದಾಗಿದ್ದರೆ ಮೇಲಿನ ಡಬ್ಬಿಯಲ್ಲಿ ತೆಳು ಎಣ್ಣೆ ಇರಬೇಕು. ಅದಿಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತೆ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ಗಿಲ್ಲದೆ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಏರುವುದನ್ನು ನೋಡಿ. ಏರಿದ ಮೇಲೆಯೇ ಪ್ಲಗ್ ಹಾಕಿ.

ಸಸ್ಪೆನ್ಷನ್ ಮತ್ತು ಬ್ರೇಕು

ಮುಂದಿನ ಟಾರ್ಷನ್ ಬಾರ್ ನೋಡಲು ಬರೀ ಸರಳು. ಆದರೆ ಅದು ತಿರುಚಿಕೊಂಡು ಗಾಡಿಯ ಭಾರ ಹೊತ್ತಿರುತ್ತೆ. ಸುಮ್ನೆ ಬೋಲ್ಟು ಬಿಚ್ಚಿದರೆ ತೋಳು ಕೆಳಗೆ ಬಡಿದು ಕೈ ಮುರಿಯಬಹುದು. ಕ್ರಮ ಹೀಗೆ:

1. ಬಾಡಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರ ತೆಗೆಯಿರಿ.
2. ಕೆಳತೋಳಿನ ಅಡಿಗೆ ಜಾಕ್ ಕೊಟ್ಟು ಭಾರ ಹೊರಿಸಿ.
3. ಮೇಲಿನ ಜೋಡಣೆ ಬಿಚ್ಚಿ.
4. ಜಾಕನ್ನು ನಿಧಾನ ಇಳಿಸಿ, ಬಾರಿನ ತಿರುಚು ಪೂರ್ತಿ ಬಿಡುವವರೆಗೂ ಕಾಯಿರಿ. ಆಮೇಲೆ ಬಾರ್ ಹೊರಗೆ.

ಎಡಗಡೆಯ ಬಾರನ್ನು ಬಲಕ್ಕೆ ಹಾಕಬೇಡಿ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ತಿರುಚಿದ್ದು ಇನ್ನೊಂದು ದಿಕ್ಕಿಗೆ ಹೋದರೆ ಮುರಿಯುತ್ತೆ. ಬಿಚ್ಚಿದ ಕೂಡಲೇ ಬಣ್ಣದ ಗುರುತು ಹಾಕಿ. ಅದರ ಮೈಮೇಲೆ ಗೀರು ಬೀಳದಂತೆ ನೋಡಿಕೊಳ್ಳಿ, ಮುರಿಯುವುದು ಗೀರಿನಿಂದಲೇ ಶುರು.

ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ) ಸವೆತ ನೋಡಲು ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಒಬ್ಬರು ಬ್ರೇಕ್ ತುಳಿದಿರುವಾಗಲೂ ಆಟ ಇದ್ದರೆ ತೊಂದರೆ ಕಿಂಗ್ ಪಿನ್ನಿನದು. ತುಳಿದಾಗ ನಿಂತರೆ ಚಕ್ರದ ಬೇರಿಂಗಿನದು. ಬುಷ್ ಹೊಸದು ಹಾಕಿ ರೀಮರ್ ಮಾಡಿಸಬೇಕು. ಗ್ರೀಸ್ ನಿಪ್ಪಲ್‌ಗಳ ತೂತು ಹಳೇ ಗ್ರೀಸ್ ಗಟ್ಟಿಯಾಗಿ ಮುಚ್ಚಿರುತ್ತೆ. ತೆಗೆದು ಡೀಸೆಲಿನಲ್ಲಿ ನೆನೆಸಿ.

ಹಿಂದಿನ ಬ್ಲೇಡ್ ಸೆಟ್ ಬಿಚ್ಚಿ ಒಂದೊಂದು ಪಟ್ಟಿಯನ್ನೂ ಉಜ್ಜಿ ಬಿರುಕು ನೋಡಿ. ಕುಸಿದಿದ್ದರೆ ಲಾರಿ ಬ್ಲೇಡ್ ಕೆಲಸದವರು ಕಮಾನು ಎಬ್ಬಿಸಿ ಕೊಡುತ್ತಾರೆ. ಯು-ಬೋಲ್ಟು ಮಾತ್ರ ಹೊಸದೇ ಇರಲಿ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿದು ತನ್ನ ಭಾರದಲ್ಲಿ ನಿಂತ ಮೇಲೆಯೇ ಕೊನೆಯದಾಗಿ ಬಿಗಿಯಿರಿ. ಎತ್ತಿದ ಸ್ಥಿತಿಯಲ್ಲಿ ಬಿಗಿದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಆರು ತಿಂಗಳಲ್ಲಿ ಹರಿದುಹೋಗುತ್ತೆ. ಶಾಕ್ ಅಬ್ಸಾರ್ಬರ್ ತೋಳಿನಂಥ ಹಳೇ ಬಗೆಯದಾಗಿದ್ದರೆ ಒಳಗಿನ ಎಣ್ಣೆ ಬದಲಿಸಿ, ಸೋರುತ್ತಾ ನೋಡಿ.

ಬ್ರೇಕಿನಲ್ಲಿ ಉಳಿತಾಯ ಬೇಡ. ಮಾಸ್ಟರ್ ಸಿಲಿಂಡರ್ ಕಿಟ್, ನಾಲ್ಕೂ ವೀಲ್ ಸಿಲಿಂಡರ್, ರಬ್ಬರ್ ಹೋಸು, ತುಕ್ಕು ಹಿಡಿದ ಪೈಪು, ಎಲ್ಲ ಹೊಸದು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು ಮಾಡಿ. ಬ್ರೇಕ್ ಆಯಿಲ್ ಬಣ್ಣವನ್ನು ಸುಲಿದು ಹಾಕುತ್ತೆ. ಈ ಕೆಲಸ ಬಣ್ಣಕ್ಕಿಂತ ಮೊದಲೇ ಮುಗಿಯಬೇಕು ಅನ್ನಲು ಅದೂ ಒಂದು ಕಾರಣ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟ್ಟೆ ಸುತ್ತಿದ ಹಳೇ ವೈರು ಮುಟ್ಟಿದರೆ ಪುಡಿಯಾಗುತ್ತಿದ್ದರೆ ಪೂರ್ತಿ ಸೆಟ್ ಬದಲಿಸಿ, ತುಂಡು ತುಂಡಾಗಿ ತೇಪೆ ಹಾಕಬೇಡಿ.

ಈಗ ಬಣ್ಣ

ಮನೆಯಲ್ಲಿ ಹೊಡೆಯುವುದಾದರೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ. ಬೇಗ ಒಣಗುತ್ತೆ, ತಪ್ಪಾದರೆ ಉಜ್ಜಿ ಮತ್ತೆ ಹೊಡೆಯಬಹುದು, ಆ ಕಾಲದ ಗಾಡಿಗೆ ಅದರ ಮೆದು ಹೊಳಪೇ ಒಪ್ಪುತ್ತೆ. ಪಿಯು (ಪಾಲಿಯುರೆಥೇನ್) ಬಣ್ಣ ಜಾಸ್ತಿ ಬಾಳುತ್ತೆ ನಿಜ. ಆದರೆ ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡು ಹೊಡೆಯುವಂಥದ್ದಲ್ಲ. ಪಿಯು ಬೇಕಿದ್ದರೆ ಬೂತ್ ಇರುವ ಕಡೆ ಕೊಡಿ.

ಕಾಲ ನೋಡಿ ಹೊಡೆಯಿರಿ. ಆಷಾಢದ ಗಾಳಿಯಲ್ಲಿ ಬೇಡ, ಚಿತ್ರದುರ್ಗದ ಕಡೆಯವರಿಗಂತೂ ಗಾಳಿ ಏನು ಅಂತ ಹೇಳಬೇಕಿಲ್ಲ. ಮಳೆಗಾಲದ ತೇವಕ್ಕೆ ಎನ್‌ಸಿ ಬಣ್ಣದ ಮೇಲೆ ಬೆಳ್ಳಗೆ ಮಂಜು ಕೂರುತ್ತೆ. ಏಪ್ರಿಲ್ ಬಿಸಿಲಿಗೆ ಬಣ್ಣ ತಗಡಿಗೆ ತಾಗುವ ಮೊದಲೇ ಒಣಗಿ ಮರಳು ಮರಳಾಗುತ್ತೆ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯೊಳಗೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಒಳ್ಳೇ ಹೊತ್ತು. ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆ ಇದ್ದರೆ ಹೊಗೆ ಮಸಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಒದ್ದೆ ಬಣ್ಣದ ಮೇಲೆ ಕೂತ ಒಂದು ಮಸಿ ಚೂರು ಸಾಕು, ಬಾನೆಟ್ ಮತ್ತೆ ಉಜ್ಜಬೇಕು. ಶೆಡ್ಡಿಗೆ ಪ್ಲಾಸ್ಟಿಕ್ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಗಾಳಿ ಹೊರಹೋಗಲು ಒಂದು ಕಡೆ ತೆರೆದಿಡಿ.

ಗನ್ನು ತಗಡಿನಿಂದ ಒಂದು ಗೇಣು ದೂರ, ಯಾವಾಗಲೂ ನೇರ. ಒಂದು ಪಟ್ಟಿಯ ಅರ್ಧದ ಮೇಲೆ ಮುಂದಿನ ಪಟ್ಟಿ ಬರಲಿ. ತೆಳುವಾಗಿ ಹಲವು ಸಲ, ಪ್ರತಿ ಸಲಕ್ಕೂ ಒಣಗಲು ಬಿಡುವು. ಕಂಪ್ರೆಸರ್ ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು. ವಾರ ಬಿಟ್ಟು 1500, ಆಮೇಲೆ 2000 ನಂಬರ್ ಎಮರಿ ನೀರಿನಲ್ಲಿ ಆಡಿಸಿ, ಪಾಲಿಶ್ ಮಾಡಿ. ಮುಂದಿನ ಗಾಜು ಕೂರಿಸಲು ಬೀಡಿಂಗಿನ ಸಂದಿಗೆ ನೂಲಿನ ಹಗ್ಗ ಸುತ್ತಿ, ಒಬ್ಬರು ಹೊರಗಿನಿಂದ ಗಾಜು ಒತ್ತಲಿ, ಇನ್ನೊಬ್ಬರು ಒಳಗಿನಿಂದ ಹಗ್ಗ ಎಳೆಯಲಿ. ರಬ್ಬರ್ ತಾನಾಗೇ ಅಂಚಿನ ಮೇಲೆ ಮಗುಚಿ ಕೂರುತ್ತೆ.

ಮೊದಲ ಓಟ

ಹೈವೇಗೆ ಹೋಗಬೇಡಿ. ನಾನು ಬೆಳಿಗ್ಗೆ ಆರಕ್ಕೆ ಕೊಂಡಜ್ಜಿ ಕೆರೆಯ ಕಡೆ ಹೊರಟೆ. ಪಕ್ಕದಲ್ಲಿ ತಮ್ಮ, ಡಿಕ್ಕಿಯಲ್ಲಿ ಪಾನಾ ಸೆಟ್ಟು, ಒಂದು ಕ್ಯಾನ್ ನೀರು, ಬೆಂಕಿ ಆರಿಸುವ ಸಿಲಿಂಡರ್. ಎರಡು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಡ್ರಮ್ಮುಗಳಿಗೆ ಕೈ ಹತ್ತಿರ ಹಿಡಿದು ನೋಡಿ. ಒಂದೇ ಜಾಸ್ತಿ ಕಾದಿದ್ದರೆ ಆ ಬ್ರೇಕು ಹಿಡಿದುಕೊಂಡಿದೆ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ನಮ್ಮ ಗಾಡಿಯ ಮುಳ್ಳು ಕೆರೆ ಏರಿ ಮೇಲೂ ನಡುವಿನಿಂದ ಕದಲಲಿಲ್ಲ.

ಮನೆಗೆ ಬಂದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ಕೊಡಿ, ಟ್ಯಾಪೆಟ್ ಮತ್ತೆ ನೋಡಿ. ಚಕ್ರದ ನಟ್ಟು, ಯು-ಬೋಲ್ಟು, ಸ್ಟೇರಿಂಗ್ ಜೋಡಣೆ ಎಲ್ಲ ಪುನಃ ಬಿಗಿಯಿರಿ. ಮೊದಲ 500 ಕಿಲೋಮೀಟರ್ ಗಂಟೆಗೆ 50 ದಾಟಿಸಬೇಡಿ, ಒಂದೇ ವೇಗದಲ್ಲಿ ಎಳೆಯಬೇಡಿ, ಏರಿನಲ್ಲಿ ಟಾಪ್ ಗೇರಿನಲ್ಲಿ ಒದ್ದಾಡಿಸಬೇಡಿ. 500 ಆದ ಕೂಡಲೇ ಆಯಿಲ್, ಫಿಲ್ಟರ್ ಬದಲಿಸಿ. ಹಳೇ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ನುಣ್ಣನೆ ಬೂದು ಪುಡಿ ಇದ್ದರೆ ಮಾಮೂಲು, ಹೊಳೆಯುವ ಚೂರು ಸಿಕ್ಕರೆ ಸಂಪ್ ಬಿಚ್ಚಿ ಬೇರಿಂಗ್ ನೋಡಬೇಕು. ಕಿಂಗ್ ಪಿನ್ ನಿಪ್ಪಲ್‌ಗಳಿಗೆ 1,500 ಕಿಲೋಮೀಟರಿಗೊಮ್ಮೆ ಗ್ರೀಸ್, ಹಳೇ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೂ ಒತ್ತಿ.